ಭಯದ ದಿನಗಳಲ್ಲಿ ಇನ್ಸಾಫ್

(ಜಯನಗರ ಭಾಗದ ನಮ್ಮ ಮಸೀದಿಯಲ್ಲಿ ಜುಮಾ ಖುತ್ಬಾಕ್ಕೆ ಮುನ್ನ ಕನ್ನಡದಲ್ಲಿ ನೀಡಿದ ಪ್ರವಚನದ ಸಂಗ್ರಹ)

 



ಕಳೆದ ವಾರ ಅಸರ್ ನಮಾಝ್ ಮುಗಿದ ಮೇಲೆ ಬಿ.ಟಿ.ಎಂ. ಲೇಔಟಿನ ಹಿರಿಯರೊಬ್ಬರು ನಮ್ಮ ಕೋಣೆಗೆ ಬಂದರು. ಮಗ ಮುಂದಿನ ತಿಂಗಳು ಹೆಚ್ಚಿನ ಓದಿಗೆ ಹೊರದೇಶಕ್ಕೆ ಹೊರಟಿದ್ದಾನೆ, ದುಆ ಮಾಡಿ ಎಂದರು. ಮಾಡಿದೆವು. ಆದರೂ ಅವರು ಏಳಲಿಲ್ಲ. ಸ್ವಲ್ಪ ಹೊತ್ತು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತು, ದನಿ ತಗ್ಗಿಸಿ ಕೇಳಿದರು: "ಹಜ್ರತ್, ಅಲ್ಲಿ ಮಸೀದಿಗೆ ಜಾಸ್ತಿ ಹೋಗಬೇಡ ಅಂತ ಹೇಳಿಬಿಡಲೇ? ಗಡ್ಡ ತೆಗೆಸಿಬಿಡು ಅನ್ನಲೇ? ನಮ್ಮ ಕಡೆ ಹುಡುಗರು ಯಾರಾದರೂ ಸಿಕ್ಕಿದರೆ ಫೋನ್ ನಂಬರ್ ಕೂಡ ಕೊಡಬೇಡ ಅನ್ನಲೇ?"

ಆ ದಿನ ನಮಗೆ ಉತ್ತರ ಹೊಳೆಯಲಿಲ್ಲ. ಬರುವ ಜುಮಾದಲ್ಲಿ ಈ ಬಗ್ಗೆಯೇ ಮಾತಾಡುತ್ತೇವೆ, ತಾವೂ ಬನ್ನಿ, ಮಗನನ್ನೂ ಕರೆತನ್ನಿ ಎಂದು ಹೇಳಿ ಕಳಿಸಿದೆವು. ಇಬ್ಬರೂ ಇಂದು ಈ ಸಫ್‌ಗಳಲ್ಲಿ ಎಲ್ಲೋ ಕೂತಿದ್ದಾರೆ. ಎಲ್ಲಿ ಎಂದು ನಾವು ತೋರಿಸುವುದಿಲ್ಲ. ಯಾಕೆಂದರೆ ಆ ಪ್ರಶ್ನೆ ಅವರೊಬ್ಬರದ್ದಲ್ಲ.

ಮೊದಲು ಒಂದು ಮಾತು. ಹೆದರಿಕೆಯನ್ನು ಹಗುರವಾಗಿ ಕಾಣಬಾರದು. ಸೂರಃ ಕುರೈಶ್ ಅನ್ನು ನಾವೆಲ್ಲ ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದ್ದೇವೆ. ಮಕ್ಕಾದ ಜನರಿಗೆ ತಾನು ಕೊಟ್ಟ ಅನುಗ್ರಹಗಳಲ್ಲಿ ಎರಡನ್ನು ಅಲ್ಲಾಹನು ಅಲ್ಲಿ ನೆನಪಿಸುತ್ತಾನೆ. ಒಂದು ಹಸಿವಿಗೆ ಅನ್ನ, ಇನ್ನೊಂದು ಭಯದಿಂದ ರಕ್ಷಣೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾನೆ. ಅಂದರೆ ಭಯವಿಲ್ಲದೆ ಬದುಕುವುದು ಅನ್ನದಷ್ಟೇ ದೊಡ್ಡ ಕೊಡುಗೆ. ಅದನ್ನು ಯಾರಿಂದಲಾದರೂ ಕಿತ್ತುಕೊಳ್ಳುವವನು ಅವರ ತಟ್ಟೆಯ ಅನ್ನವನ್ನು ಕಿತ್ತುಕೊಂಡಂತೆ.

ಅಬೂದಾವೂದ್‌ನಲ್ಲಿ ಒಂದು ಘಟನೆ ಬರುತ್ತದೆ. ಪ್ರಯಾಣದಲ್ಲಿ ಒಬ್ಬರು ನಿದ್ದೆ ಹೋಗಿದ್ದರು. ಜೊತೆಯವರಲ್ಲೊಬ್ಬರು ತಮಾಷೆಗೆಂದು ಅವರ ಹಗ್ಗ ತೆಗೆದುಕೊಂಡರು. ಎಚ್ಚರಾದವರು ಗಾಬರಿಯಾದರು. ಅಷ್ಟಕ್ಕೇ ಪ್ರವಾದಿ(ಸ)ರು, ಒಬ್ಬ ಮುಸ್ಲಿಮನನ್ನು ಹೆದರಿಸುವುದು ಯಾವ ಮುಸ್ಲಿಮನಿಗೂ ಸಮ್ಮತವಲ್ಲ ಎಂದು ತಿಳಿಸಿದರು. ತಮಾಷೆಗೆ ಹಗ್ಗ ತೆಗೆದದ್ದಕ್ಕೇ ಈ ಮಾತಾದರೆ, ಬಸ್ ಸ್ಟಾಪಿನಲ್ಲಿ ಬಾಂಬ್ ಇಟ್ಟು ಇಡೀ ನಗರವನ್ನೇ ಹೆದರಿಸುವವನಿಗೆ ಏನು ಹೇಳಬೇಕು?

2008ರ ಜುಲೈ 25 ನೆನಪಿದೆಯೇ? ಅದೂ ಶುಕ್ರವಾರ. ಜುಮಾದ ಹೊತ್ತಿನ ಆಸುಪಾಸಿನಲ್ಲೇ ಮಡಿವಾಳದಲ್ಲಿ ಮೊದಲ ಸ್ಫೋಟವಾಯಿತು. ಆಡುಗೋಡಿ ಸೇರಿ ನಗರದ ಹಲವೆಡೆ ಒಂದರ ಹಿಂದೆ ಒಂದು ಸಿಡಿದವು. ಮಡಿವಾಳದ ಬಸ್ ತಂಗುದಾಣದಲ್ಲಿ ನಿಂತಿದ್ದ ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡರು. ಬಸ್ಸಿಗೆ ಕಾಯುತ್ತಿದ್ದವರು. ಅವರಿಗೆ ಯಾರ ಜೊತೆಯೂ ಯಾವ ಜಗಳವೂ ಇರಲಿಲ್ಲ. 2014ರ ಡಿಸೆಂಬರ್ 28ರಂದು ಚರ್ಚ್ ಸ್ಟ್ರೀಟಿನಲ್ಲೂ ಹೀಗೇ ಒಬ್ಬ ತಾಯಿ ತೀರಿಕೊಂಡರು. 2024ರ ಮಾರ್ಚ್ 1ರಂದು ಬ್ರೂಕ್‌ಫೀಲ್ಡಿನ ಹೋಟೆಲಿನಲ್ಲಿ ಊಟಕ್ಕೆ ಕೂತವರ ಮೇಲೆ ಬಾಂಬ್ ಸಿಡಿಯಿತು. ಅದೂ ಶುಕ್ರವಾರವೇ. ಒಂದು ಜೀವವನ್ನು ಅನ್ಯಾಯವಾಗಿ ಕೊಂದವನು ಇಡೀ ಮಾನವಕುಲವನ್ನೇ ಕೊಂದಂತೆ ಎಂದು ಸೂರಃ ಮಾಇದದ 32ನೇ ಆಯತ್ ಕಲಿಸುತ್ತದೆ. ಇದರಲ್ಲಿ 'ಆದರೆ' ಎಂಬ ಪದಕ್ಕೆ ಜಾಗವಿಲ್ಲ. ಯಾರೇ ಮಾಡಲಿ, ಯಾವ ಹೆಸರಿನಲ್ಲೇ ಮಾಡಲಿ, ಅದು ಹರಾಮ್.

ಇಷ್ಟನ್ನು ಈ ಮಿಂಬರಿನಿಂದ ಎಷ್ಟೋ ಸಲ ಹೇಳಿದ್ದೇವೆ, ನಿಮಗೂ ಗೊತ್ತು. ಇಂದು ಹೇಳಬೇಕಾದದ್ದು ಅದರ ನಂತರದ ಮಾತು. ಬಾಂಬ್ ಸಿಡಿದ ಮೇಲೆ ಹೊಗೆ ಒಂದು ಗಂಟೆಯಲ್ಲಿ ಇಳಿಯುತ್ತದೆ, ಹೆದರಿಕೆ ಮಾತ್ರ ಇಳಿಯುವುದಿಲ್ಲ. ಅದು ಕಾನೂನಾಗುತ್ತದೆ, ಮನೆ ಬಾಡಿಗೆ ಕೇಳಲು ಹೋದಾಗ ಹೆಸರಿನ ಪ್ರಶ್ನೆಯಾಗುತ್ತದೆ, ಟಿ.ವಿ.ಯ ಕೆಂಪು ಪಟ್ಟಿಯಾಗುತ್ತದೆ, ಕೊನೆಗೆ ಒಬ್ಬ ತಂದೆ ತನ್ನ ಮಗನಿಗೆ ಕೊಡುವ ಬುದ್ಧಿಮಾತೂ ಆಗುತ್ತದೆ.

ನಮ್ಮದೇ ಬಡಾವಣೆಗಳ ಕಥೆ ಹೇಳುತ್ತೇವೆ, ಕೇಳಿ. ಯುವಕರಿಗೆ ಇದು ಗೊತ್ತಿರಲಾರದು, ಆಗ ನೀವು ಹಾಲುಗಲ್ಲದ ಮಕ್ಕಳು.

2007ರ ಜೂನ್ 30, ಶನಿವಾರ. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣದ ಬಾಗಿಲಿಗೆ ಇಬ್ಬರು ಉರಿಯುವ ಜೀಪನ್ನು ನುಗ್ಗಿಸಿದರು. ಅವರಲ್ಲಿ ಒಬ್ಬ ಕಫೀಲ್ ಅಹ್ಮದ್. ಇಂಜಿನಿಯರ್. ಅವನ ಮನೆ ಇದ್ದದ್ದು ಬನಶಂಕರಿಯಲ್ಲಿ. ಮೈಯೆಲ್ಲ ಸುಟ್ಟು ಒಂದು ತಿಂಗಳು ಆಸ್ಪತ್ರೆಯಲ್ಲಿ ನರಳಿ ಆಗಸ್ಟ್ 2ರಂದು ಸತ್ತ. ವೈದ್ಯ ತಂದೆತಾಯಿಯ ಮಗ, ಓದಿದವನು, ನಾವು ದಿನಾ ಓಡಾಡುವ ರಸ್ತೆಗಳಲ್ಲೇ ಓಡಾಡಿದವನು. 'ಅವನು ನಮ್ಮವನಲ್ಲ' ಎಂದು ಕೈ ತೊಳೆದುಕೊಳ್ಳುವುದು ಸುಲಭ. ನಾವು ಹಾಗೆ ಹೇಳುವುದಿಲ್ಲ. ನಮ್ಮ ನಡುವೆ ಬೆಳೆದ ಒಬ್ಬ ಹುಡುಗ ಅಂಥ ದಾರಿಗೆ ಹೋದ, ನಮಗೆ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎಂಬುದು ನಮ್ಮ ಮೇಲೂ ಒಂದು ಪ್ರಶ್ನೆ.

ಇನ್ನು ಎರಡನೆಯವರ ಕಥೆ. ಡಾ. ಮುಹಮ್ಮದ್ ಹನೀಫ್. ಮಲೆನಾಡಿನ ಮೂಡಿಗೆರೆಯಲ್ಲಿ ಹುಟ್ಟಿದವರು, ಬೆಂಗಳೂರಿನಲ್ಲಿ ಎಂ.ಬಿ.ಬಿ.ಎಸ್. ಮಾಡಿದವರು. ಅವರ ಕುಟುಂಬ ಇದ್ದದ್ದು ಇಲ್ಲೇ ಬಿ.ಟಿ.ಎಂ. ಲೇಔಟಿನಲ್ಲಿ. ಕಫೀಲ್ ಮತ್ತು ಅವನ ತಮ್ಮ ಸಬೀಲ್ ಇವರಿಗೆ ದೂರದ ಸಂಬಂಧಿಗಳು. ಹನೀಫ್ ಮೊದಲು ಇಂಗ್ಲೆಂಡಿನಲ್ಲಿ ಕೆಲಸ ಮಾಡಿದರು. 2006ರಲ್ಲಿ ಅಲ್ಲಿಂದ ಹೊರಡುವಾಗ ತಮ್ಮ ಸಿಮ್ ಕಾರ್ಡನ್ನು ಸಬೀಲ್‌ಗೆ ಕೊಟ್ಟು ಬಂದರು. ಅದರಲ್ಲಿ ಇನ್ನೂ ಉಚಿತ ನಿಮಿಷಗಳು ಉಳಿದಿದ್ದವು, ಹಾಳಾಗಬಾರದು ಅಷ್ಟೇ. ಆಮೇಲೆ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ವೈದ್ಯರಾದರು.

ಗ್ಲಾಸ್ಗೋ ಘಟನೆಗೆ ಕೆಲವೇ ದಿನ ಮುಂಚೆ ಇಲ್ಲಿ ಬೆಂಗಳೂರಿನಲ್ಲಿ ಅವರ ಪತ್ನಿಗೆ ಹೆರಿಗೆಯಾಗಿತ್ತು. ಮೊದಲ ಮಗು, ಹೆಣ್ಣು. ಜುಲೈ 2ರಂದು ಮಗುವನ್ನು ನೋಡಲು ಹೊರಟ ಹನೀಫ್‌ರನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಿದರು. ಒಂದೇ ಕಡೆಯ ಟಿಕೆಟ್ ಇತ್ತು, ಅದೇ ಸಂಶಯಕ್ಕೆ ಕಾರಣವಾಯಿತು. ಸಿಮ್ ಗ್ಲಾಸ್ಗೋದಲ್ಲಿ ಉರಿದ ಜೀಪಿನಲ್ಲೇ ಸಿಕ್ಕಿತು ಎಂದು ನ್ಯಾಯಾಲಯಕ್ಕೂ ಹೇಳಲಾಯಿತು. ಅದು ಸಿಕ್ಕದ್ದು ಅಲ್ಲಿಂದ ಎಷ್ಟೋ ದೂರದ ಲಿವರ್‌ಪೂಲಿನಲ್ಲಿ, ಸಬೀಲ್ ಬಳಿ. ಬ್ರಿಟನ್ನಿನ ಪೊಲೀಸ್ ಅಧಿಕಾರಿಯನ್ನು ಸಂಪರ್ಕಿಸಲು ಹನೀಫ್ ತಾವಾಗಿಯೇ ಹಲವು ಸಲ ಫೋನ್ ಮಾಡಿದ್ದರು. ಮುಚ್ಚಿಡುವವನು ಪೊಲೀಸರಿಗೆ ಫೋನ್ ಮಾಡುತ್ತಾನೆಯೇ?

ಹನ್ನೆರಡು ದಿನ. ಯಾವ ಆರೋಪವನ್ನೂ ಹೊರಿಸದೆ ಹನ್ನೆರಡು ದಿನ ಇಟ್ಟುಕೊಂಡರು. ಭಯೋತ್ಪಾದನೆ ತಡೆಗೆಂದು ಆ ದೇಶ ಹೊಸದಾಗಿ ಮಾಡಿಕೊಂಡಿದ್ದ ಕಾನೂನಿನಲ್ಲಿ ಅದಕ್ಕೆ ದಾರಿ ಇತ್ತು. ಜುಲೈ 14ರಂದು ಆರೋಪ ಹೊರಿಸಿದರು. 16ರಂದು ಮ್ಯಾಜಿಸ್ಟ್ರೇಟ್ ಜಾಮೀನು ಕೊಟ್ಟರು. ಅದೇ ದಿನ, ಕೆಲವೇ ಗಂಟೆಗಳಲ್ಲಿ, ವಲಸೆ ಸಚಿವ ಕೆವಿನ್ ಆಂಡ್ರೂಸ್ ಅವರ ವೀಸಾವನ್ನೇ ರದ್ದು ಮಾಡಿದರು. ನ್ಯಾಯಾಲಯ ತೆರೆದ ಬಾಗಿಲನ್ನು ಸರ್ಕಾರ ಹೀಗೆ ಮುಚ್ಚಿತು. ಅದು ಅಲ್ಲಿ ಚುನಾವಣೆಯ ವರ್ಷ ಎಂಬುದನ್ನೂ ನೆನಪಿಡಿ. ಹೆದರಿದ ಜನರೆದುರು ಗಟ್ಟಿಗನಂತೆ ಕಾಣುವುದು ಯಾವ ದೇಶದ ರಾಜಕಾರಣಿಗೂ ಲಾಭದ ವ್ಯಾಪಾರ.

ಕೊನೆಗೆ ಜುಲೈ 27ರಂದು ಸಾಕ್ಷ್ಯವಿಲ್ಲವೆಂದು ಮೊಕದ್ದಮೆಯನ್ನು ಕೈಬಿಟ್ಟರು. ಎರಡು ದಿನಗಳಲ್ಲಿ ಅವರು ಬೆಂಗಳೂರಿಗೆ ಬಂದು ಮಗುವಿನ ಮುಖ ನೋಡಿದರು. ಆಗಸ್ಟಿನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ವೀಸಾ ರದ್ದತಿಯನ್ನೂ ತಳ್ಳಿಹಾಕಿತು. ಸರ್ಕಾರ ಬದಲಾದ ಮೇಲೆ ಜಾನ್ ಕ್ಲಾರ್ಕ್ ಎಂಬ ನಿವೃತ್ತ ನ್ಯಾಯಾಧೀಶರಿಂದ ವಿಚಾರಣೆ ನಡೆಯಿತು. 2008ರ ಕೊನೆಯಲ್ಲಿ ಬಂದ ಆ ವರದಿಯಲ್ಲಿ ಒಂದು ಸಂಗತಿ ಇದೆ, ನಮಗೆ ಇವತ್ತಿಗೂ ಅದು ನುಂಗಲಾಗದ್ದು. ಹನೀಫ್ ವಿರುದ್ಧ ಏನೂ ಇಲ್ಲ ಎಂದು ಆ ದೇಶದ ಗುಪ್ತಚರ ಸಂಸ್ಥೆ ಜುಲೈ 4ರಂದೇ ತಿಳಿಸಿತ್ತು. ಬಂಧನವಾಗಿ ಎರಡೇ ದಿನಕ್ಕೆ! ಆಮೇಲಿನ ದಿನಗಳೆಲ್ಲ ಯಾಕಾಗಿ? 2010ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಅವರಿಗೆ ಪರಿಹಾರ ಕೊಟ್ಟಿತು, ಹಾಗೆ ಆರೋಪವಿಲ್ಲದೆ ಇಟ್ಟುಕೊಳ್ಳುವ ಅವಧಿಗೂ ಮಿತಿ ಹಾಕಿತು.

ಆ ಮನುಷ್ಯನನ್ನು ಉಳಿಸಿದವರು ಯಾರು? ಪೀಟರ್ ರುಸ್ಸೋ, ಸ್ಟೀಫನ್ ಕೀಮ್ ಎಂಬ ಇಬ್ಬರು ವಕೀಲರು. ಅವರು ನಮ್ಮ ದೀನಿನವರಲ್ಲ, ನಮ್ಮ ದೇಶದವರೂ ಅಲ್ಲ. ಹನೀಫ್ ಬಗ್ಗೆ ಸುಳ್ಳು ಸುದ್ದಿ ಹರಡುತ್ತಿದ್ದಾಗ ಕೀಮ್ ಅವರು ಪೊಲೀಸ್ ವಿಚಾರಣೆಯ ಪೂರ್ತಿ ದಾಖಲೆಯನ್ನು ಪತ್ರಿಕೆಗೆ ಕೊಟ್ಟುಬಿಟ್ಟರು, ಓದಿದ ಜನರೇ ತೀರ್ಮಾನಿಸಲಿ ಎಂದು. ತಮ್ಮ ವಕೀಲಿ ವೃತ್ತಿಗೇ ಕುತ್ತು ಬರಬಹುದೆಂದು ಗೊತ್ತಿದ್ದೂ ಕೊಟ್ಟರು. ಅಲ್ಲಿನ ಪತ್ರಕರ್ತರು ಕೂಡ ಸಿಮ್ ಕಾರ್ಡಿನ ಸುಳ್ಳನ್ನು ಹೊರಗೆಳೆದರು. ಸೂರಃ ಮಾಇದದ 8ನೇ ಆಯತ್ ನಮಗೆ ಹೇಳುವುದೇನು? ಒಂದು ಜನರ ಮೇಲಿನ ದ್ವೇಷ ನಿಮ್ಮನ್ನು ನ್ಯಾಯ ತಪ್ಪುವಂತೆ ಮಾಡದಿರಲಿ, ನ್ಯಾಯವೇ ತಖ್ವಾಕ್ಕೆ ಹತ್ತಿರ ಎಂದು. ಆ ಆಯತನ್ನು ಪಾರಾಯಣ ಮಾಡುವವರು ನಾವು. ಅದರಂತೆ ನಡೆದವರು ಅವರು.

ಆಗ ನಾವು ಎಲ್ಲಿದ್ದೆವು? ಹೇಳಲು ನಾಚಿಕೆ, ಆದರೂ ಹೇಳಬೇಕು. ಆಗ ನಮಗೆ ಇಪ್ಪತ್ತರ ಮೇಲೆ ಕೆಲವು ವರ್ಷ. ಆ ಮನೆಯವರಿಗೆ ಹೋಗಿ ಒಂದು ಸಲಾಮ್ ಹೇಳಿ ಬರೋಣ ಎಂದು ಗೆಳೆಯನೊಬ್ಬ ಕರೆದ. ಬೀದಿಯ ತುಂಬ ಟಿ.ವಿ. ಕ್ಯಾಮೆರಾಗಳಿವೆ, ಯಾರಾದರೂ ಹೆಸರು ಬರೆದುಕೊಂಡರೆ? ನಾವು ಹೋಗಲಿಲ್ಲ. ಅಂದು ಸಂಜೆ ಆ ಬೀದಿ ತಪ್ಪಿಸಿ ಸುತ್ತು ಹಾಕಿ ಮನೆಗೆ ಹೋದದ್ದು ನೆನಪಿದೆ. ಒಂದು ತಪ್ಪನ್ನೂ ಮಾಡದವರ ಮನೆಯ ಮುಂದೆ ಹಾದುಹೋಗಲು ಹೆದರಿದವರು ಇಂದು ಮಿಂಬರಿನ ಮೇಲೆ ಧೈರ್ಯದ ಮಾತಾಡುತ್ತಿದ್ದೇವೆ. ಅಲ್ಲಾಹನು ಕ್ಷಮಿಸಲಿ.

ಇದು ಹೆದರಿಕೆಯ ಒಂದು ಮುಖ. ಅದಕ್ಕೆ ಇನ್ನೊಂದು ಮುಖವೂ ಇದೆ. ಅದನ್ನು ನಾವು ನೋಡಿದ್ದು 2012ರ ಆಗಸ್ಟಿನಲ್ಲಿ.

ಅದು ರಮಝಾನಿನ ಕೊನೆಯ ದಿನಗಳು. ಅಸ್ಸಾಮಿನ ಕೋಕ್ರಾಝಾರ್ ಕಡೆ ಗಲಭೆಯಾಗಿತ್ತು. ಇಲ್ಲಿ ಬೆಂಗಳೂರಿನಲ್ಲಿ ಮೊಬೈಲಿನಿಂದ ಮೊಬೈಲಿಗೆ ಒಂದು ಸುಳ್ಳು ಹರಿದಾಡಿತು: ಈದ್ ಮುಗಿಯುತ್ತಲೇ ಈಶಾನ್ಯ ರಾಜ್ಯದವರ ಮೇಲೆ ಮುಸ್ಲಿಮರು ದಾಳಿ ಮಾಡುತ್ತಾರೆ ಎಂದು. ನಮ್ಮ ಬಿ.ಟಿ.ಎಂ., ಈಜಿಪುರ, ನೀಲಸಂದ್ರ, ಕೋರಮಂಗಲಗಳಲ್ಲಿ ಸೆಕ್ಯುರಿಟಿ ಕೆಲಸ, ಹೋಟೆಲ್ ಕೆಲಸ, ಬ್ಯೂಟಿ ಪಾರ್ಲರ್ ಕೆಲಸ ಮಾಡಿಕೊಂಡಿದ್ದ ಆ ಮಕ್ಕಳು ಕೈಗೆ ಸಿಕ್ಕಿದ ಬ್ಯಾಗು ಹಿಡಿದು ಸಿಟಿ ರೈಲ್ವೆ ನಿಲ್ದಾಣಕ್ಕೆ ಓಡಿದರು. ಸಾವಿರಾರು ಜನ. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಒಟ್ಟಿಗೆ ಐದಕ್ಕಿಂತ ಹೆಚ್ಚು ಎಸ್‌.ಎಂ.ಎಸ್. ಕಳಿಸದಂತೆ ಕೇಂದ್ರ ಸರ್ಕಾರ ಹದಿನೈದು ದಿನ ನಿರ್ಬಂಧ ಹಾಕಿತು.

ಆಗ ಹಲವು ಮುಸ್ಲಿಮ್ ಸಂಘಟನೆಗಳವರು ನಿಲ್ದಾಣಕ್ಕೆ ಹೋಗಿ, ಹೋಗಬೇಡಿ, ನಾವಿದ್ದೇವೆ ಎಂದು ಕೇಳಿಕೊಂಡರು. ನಾವೂ ನಾಲ್ಕು ಜನ ಹುಡುಗರೊಂದಿಗೆ ಒಂದು ಡಬ್ಬ ಖರ್ಜೂರ, ನೀರಿನ ಬಾಟಲಿ ಹಿಡಿದು ಹೋದೆವು. ಪ್ಲಾಟ್‌ಫಾರ್ಮಿನಲ್ಲಿ ಸೂಟ್‌ಕೇಸಿನ ಮೇಲೆ ಒಬ್ಬ ಹುಡುಗಿ ಕೂತಿದ್ದಳು. ಇಪ್ಪತ್ತು ವರ್ಷವೂ ಇರಲಿಕ್ಕಿಲ್ಲ. ನಾವು ಖರ್ಜೂರ ಚಾಚಿದೆವು. ಅವಳು ನಮ್ಮ ಟೋಪಿ ನೋಡಿದಳು, ಗಡ್ಡ ನೋಡಿದಳು, ಸೂಟ್‌ಕೇಸನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದು ಹಿಂದಕ್ಕೆ ಸರಿದಳು.

ಸಹೋದರರೇ, ಆ ನೋಟ ನಮಗೆ ಹೊಸದಲ್ಲ. ಮನೆ ಹುಡುಕಲು ಹೋದಾಗ, ವಿಮಾನ ನಿಲ್ದಾಣದ ಸಾಲಿನಲ್ಲಿ, ಅದನ್ನು ನಾವು ಕಂಡಿದ್ದೇವೆ, ಉರಿದುಕೊಂಡಿದ್ದೇವೆ. ಆದರೆ ಅಂದು ಸಿಟ್ಟು ಬರಲಿಲ್ಲ. ಆ ಮಗುವಿನ ಕೈ ನಡುಗುತ್ತಿತ್ತು. ಅವಳಿಗೆ ನಮ್ಮ ಮೇಲೆ ದ್ವೇಷವಿರಲಿಲ್ಲ, ಹೆದರಿಕೆ ಇತ್ತು. ಯಾರೋ ಕುಳಿತಲ್ಲೇ ಬೆರಳಾಡಿಸಿ ಹುಟ್ಟಿಸಿದ ಹೆದರಿಕೆ. ಪಕ್ಕದಲ್ಲಿದ್ದ ಅವಳ ಅಣ್ಣನೋ ಊರಿನವನೋ, ಒಬ್ಬ ಹುಡುಗ ನೀರಿನ ಬಾಟಲಿ ತೆಗೆದುಕೊಂಡ. ಅಷ್ಟೇ. ರೈಲು ಹೊರಟಿತು.

ಸೂರಃ ನಿಸಾದ 83ನೇ ಆಯತ್ತಿನಲ್ಲಿ ಅಲ್ಲಾಹನು ಇಂಥವರ ಬಗ್ಗೆಯೇ ಎಚ್ಚರಿಸಿದ್ದಾನೆ. ಶಾಂತಿಯದ್ದಾಗಲಿ ಭಯದ್ದಾಗಲಿ ಒಂದು ಸುದ್ದಿ ಕಿವಿಗೆ ಬಿದ್ದೊಡನೆ ಹರಡಿಬಿಡುತ್ತಾರೆ, ತಿಳಿದವರ ಬಳಿ ಒಯ್ದು ವಿಚಾರಿಸುವುದಿಲ್ಲ ಎಂದು. ಪ್ರವಾದಿ(ಸ)ರು ಇದಕ್ಕೆ ತಮ್ಮ ನಡತೆಯಲ್ಲೇ ಉತ್ತರ ತೋರಿಸಿಕೊಟ್ಟಿದ್ದಾರೆ. ಒಂದು ರಾತ್ರಿ ಮದೀನಾದಲ್ಲಿ ದೊಡ್ಡ ಸದ್ದಾಯಿತು. ಶತ್ರುಗಳು ಬಂದರೆಂದು ಜನ ಗಾಬರಿಗೊಂಡು ಸದ್ದಿನ ಕಡೆ ಹೊರಟರು. ಎದುರಿನಿಂದ ಪ್ರವಾದಿ(ಸ)ರು ಆಗಲೇ ಹಿಂದಿರುಗುತ್ತಿದ್ದರು. ಅಬೂ ತಲ್ಹಾ(ರ)ರ ಕುದುರೆಯನ್ನು ಜೀನು ಕೂಡ ಹಾಕದೆ ಏರಿ, ಎಲ್ಲರಿಗಿಂತ ಮೊದಲು ಒಬ್ಬರೇ ಹೋಗಿ ನೋಡಿಕೊಂಡು ಬಂದಿದ್ದರು. ಹೆದರಬೇಡಿ, ಏನೂ ಇಲ್ಲ ಎಂದರು. ಅನಸ್(ರ) ವರದಿ ಮಾಡಿದ ಈ ಘಟನೆ ಬುಖಾರಿಯಲ್ಲಿದೆ. ನಾಯಕನೆಂದರೆ ಅದು. ಸದ್ದು ಕೇಳಿ ತಾನೇ ಹೋಗಿ ನೋಡಿ ಬರುವವನು. ಇಂದಿನ ಎಷ್ಟೋ ನಾಯಕರು ಕುದುರೆ ಏರುವುದಿಲ್ಲ, ಮೈಕ್ ಏರುತ್ತಾರೆ.

ಆ ರೈಲುಗಳು ಹೋಗಿ ಎರಡು ವಾರವೂ ಆಗಿರಲಿಲ್ಲ. ಆಗಸ್ಟ್ 29ರಂದು ಬೆಂಗಳೂರಿನಲ್ಲಿ ಹಲವು ಯುವಕರ ಬಂಧನವಾಯಿತು. ಅವರಲ್ಲಿ ಒಬ್ಬರು ಮುತೀಉರ್ರಹ್ಮಾನ್ ಸಿದ್ದೀಖಿ, ಡೆಕ್ಕನ್ ಹೆರಾಲ್ಡ್ ಪತ್ರಿಕೆಯ ವರದಿಗಾರ. ಮರುದಿನದಿಂದಲೇ ಟಿ.ವಿ.ಗಳು ಅವರನ್ನು ಸಂಚಿನ ಸೂತ್ರಧಾರನೆಂದು ಸಾರಿದವು. ಆರು ತಿಂಗಳ ಬಳಿಕ, 2013ರ ಫೆಬ್ರುವರಿಯಲ್ಲಿ, ಸಾಕ್ಷ್ಯವಿಲ್ಲವೆಂದು ಎನ್‌.ಐ.ಎ. ಅವರನ್ನು ಕೈಬಿಟ್ಟಿತು. ಬಂಧನ ಮುಖಪುಟದ ಸುದ್ದಿಯಾಗಿತ್ತು. ಬಿಡುಗಡೆ ಎಷ್ಟು ಜನರಿಗೆ ತಲುಪಿತು? ಅದೇ ಪ್ರಕರಣದಲ್ಲಿ ಬೇರೆ ಕೆಲವರು ತಪ್ಪೊಪ್ಪಿಕೊಂಡು ಶಿಕ್ಷೆಗೊಳಗಾದರು, ಅದನ್ನೂ ಹೇಳಬೇಕು. ಒಬ್ಬನ ತಪ್ಪನ್ನು ಮುಚ್ಚಲು ಇನ್ನೊಬ್ಬನ ನಿರಪರಾಧವನ್ನು ಬಳಸುವುದು ಕೂಡ ಮೋಸವೇ.

ಕಲಬುರಗಿಯ ನಿಸಾರುದ್ದೀನ್ ಅಹ್ಮದ್‌ರ ಕಥೆ ಇದಕ್ಕಿಂತ ಭಾರವಾದದ್ದು. 1994ರ ಜನವರಿಯಲ್ಲಿ ಹಿಡಿದುಕೊಂಡು ಹೋದಾಗ ಫಾರ್ಮಸಿ ಓದುತ್ತಿದ್ದ ಹುಡುಗ, ಇನ್ನೂ ಇಪ್ಪತ್ತರ ಹತ್ತಿರ. ರೈಲು ಬಾಂಬ್ ಸ್ಫೋಟಗಳ ಆರೋಪ, ಟಾಡಾ ಕಾನೂನು, ಜೀವಾವಧಿ ಶಿಕ್ಷೆ. ಮುಖ್ಯ ಆಧಾರ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ. ಮಾಮೂಲಿ ಕಾನೂನಿನಲ್ಲಿ ಅದಕ್ಕೆ ಬೆಲೆಯಿಲ್ಲ, ಟಾಡಾ ಅದಕ್ಕೆ ಬೆಲೆ ಕೊಟ್ಟಿತ್ತು. 2016ರ ಮೇ 11ರಂದು ಸುಪ್ರೀಂ ಕೋರ್ಟ್ ಅವರನ್ನು ಖುಲಾಸೆ ಮಾಡಿತು. ಜೈಪುರದ ಜೈಲಿನಿಂದ ಹೊರಬಂದಾಗ ವಯಸ್ಸು ನಲವತ್ತು ದಾಟಿತ್ತು. ಅದೇ ಪ್ರಕರಣದಲ್ಲಿ ಜೈಲು ಸೇರಿದ್ದ ಅವರ ಅಣ್ಣ ಅದಕ್ಕೂ ಮೊದಲೇ ಕ್ಯಾನ್ಸರಿನಿಂದಾಗಿ ಜಾಮೀನಿನ ಮೇಲೆ ಹೊರಬಂದಿದ್ದರು. 22 ವರ್ಷಕ್ಕೂ ಹೆಚ್ಚು! ಈ ಸಫ್‌ಗಳಲ್ಲಿರುವ ಎಷ್ಟೋ ಯುವಕರ ಇಡೀ ಆಯುಷ್ಯ ಅದು.

ತಪ್ಪೊಪ್ಪಿಗೆಯ ಈ ಮಾತನ್ನು ಉಮರ್(ರ) ಹದಿನಾಲ್ಕು ಶತಮಾನಗಳ ಹಿಂದೆಯೇ ತೀರ್ಮಾನಿಸಿದ್ದರು. ಹಸಿವಿಗೆ ಹಾಕಿದರೆ, ಹೆದರಿಸಿದರೆ, ಕೂಡಿಹಾಕಿದರೆ ಮನುಷ್ಯ ತನ್ನ ವಿರುದ್ಧವೇ ಹೇಳುವ ಮಾತನ್ನು ನೆಚ್ಚುವಂತಿಲ್ಲ ಎಂಬ ಅವರ ಅಭಿಪ್ರಾಯವನ್ನು ಇಮಾಮ್ ಅಬೂ ಯೂಸುಫ್(ರಹ) ತಮ್ಮ 'ಕಿತಾಬುಲ್ ಖರಾಜ್'ನಲ್ಲಿ ದಾಖಲಿಸಿದ್ದಾರೆ. ಆ ಗ್ರಂಥ ಬರೆದದ್ದು ಖಲೀಫಾ ಹಾರೂನ್ ರಶೀದ್‌ಗೆ, ಅಂದರೆ ಸರ್ಕಾರ ನಡೆಸುವವರಿಗೆ. ಇನ್ನೊಂದು ಪ್ರಸಿದ್ಧ ಘಟನೆಯೂ ಉಂಟು. ರಾತ್ರಿ ಗಸ್ತಿನಲ್ಲಿ ಉಮರ್(ರ) ಒಂದು ಮನೆಯೊಳಗೆ ಸದ್ದು ಕೇಳಿ ಗೋಡೆ ಹತ್ತಿ ಒಳಗಿಳಿದರು. ತಪ್ಪು ಮಾಡುತ್ತಿದ್ದ ಮನೆಯಾತ ಹೇಳಿದ: ನಾನು ಮಾಡಿದ್ದು ಒಂದು ತಪ್ಪು, ನೀವು ಮಾಡಿದ್ದು ಮೂರು. ಗುಟ್ಟು ಹುಡುಕಿದಿರಿ, ಬಾಗಿಲಿನಿಂದ ಬರಲಿಲ್ಲ, ಅನುಮತಿ ಕೇಳಿ ಸಲಾಮ್ ಹೇಳಲಿಲ್ಲ, ಈ ಮೂರನ್ನೂ ಕುರ್‌ಆನ್ ನಿಷೇಧಿಸಿದೆ ಎಂದು. ಅಮೀರುಲ್ ಮುಅ್‌ಮಿನೀನ್ ತಪ್ಪು ಒಪ್ಪಿಕೊಂಡು ಹಿಂದಿರುಗಿದರು. ಇಂದು ಗೋಡೆ ಹತ್ತಬೇಕಾಗಿಲ್ಲ, ನಮ್ಮ ಮನೆಯ ಗುಟ್ಟೆಲ್ಲ ಜೇಬಿನಲ್ಲಿರುವ ಫೋನಿನಲ್ಲೇ ಇದೆ.

ಒಂದು ವಿಷಯ ಸ್ಪಷ್ಟವಾಗಿರಲಿ. ಇದು ಮುಸ್ಲಿಮರೊಬ್ಬರ ಗೋಳು ಎಂದು ತಿಳಿಯಬೇಡಿ. ವೀರಪ್ಪನ್ ಕಾಲದಲ್ಲಿ ಇದೇ ಟಾಡಾ ಅಡಿಯಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಗಳ ನೂರಕ್ಕೂ ಹೆಚ್ಚು ಜನರನ್ನು ಮೈಸೂರಿನ ಜೈಲಿನಲ್ಲಿ ಇಟ್ಟರು. ಬಡ ರೈತರು, ಕೂಲಿಗಳು, ಕಾಡಿನ ಜನ. ಎಂಟು ವರ್ಷದ ಆಸುಪಾಸು ಕಳೆದ ಮೇಲೆ, 2001ರಲ್ಲಿ, ವಿಶೇಷ ನ್ಯಾಯಾಲಯ ಅವರಲ್ಲಿ ಬಹುಪಾಲು ಮಂದಿಯನ್ನು ಬಿಟ್ಟುಬಿಟ್ಟಿತು. ಅವರಿಗಾಗಿ ಯಾವ ಮಸೀದಿಯಲ್ಲಾದರೂ ದುಆ ನಡೆಯಿತೇ? ನಮಗೆ ನೆನಪಿಲ್ಲ. ಅನ್ಯಾಯ ನಮ್ಮ ಬೀದಿಗೆ ಬಂದಾಗ ಮಾತ್ರ ನಮಗೆ ಅದರ ಹೆಸರು ಗೊತ್ತಾಗುತ್ತದೆ.

ಒಂದು ಪಕ್ಷದ ಮೇಲೆ ಹೊರಿಸುವುದೂ ಬೇಡ. ಟಾಡಾ 1985ರದ್ದು, 1995ರಲ್ಲಿ ಕೊನೆಯಾಯಿತು. ಪೋಟಾ 2002ರದ್ದು, 2004ರಲ್ಲಿ ರದ್ದಾಯಿತು. ಮುಂಬೈ ದಾಳಿಯ ಬೆನ್ನಲ್ಲೇ 2008ರ ಡಿಸೆಂಬರಿನಲ್ಲಿ ಯು.ಎ.ಪಿ.ಎ.ಗೆ ಹಲ್ಲು ಮೂಡಿಸಿದ್ದು ಒಂದು ಸರ್ಕಾರ, 2019ರಲ್ಲಿ ವಿಚಾರಣೆಗೆ ಮೊದಲೇ ಒಬ್ಬ ವ್ಯಕ್ತಿಯನ್ನು ಭಯೋತ್ಪಾದಕನೆಂದು ಘೋಷಿಸುವ ಅಧಿಕಾರ ತಂದದ್ದು ಇನ್ನೊಂದು. ಆರೋಪಪಟ್ಟಿ ಇಲ್ಲದೆ 180 ದಿನಗಳವರೆಗೆ ಇಡಬಹುದು, ಜಾಮೀನು ಬಹಳ ಕಷ್ಟ. ವಿಚಾರಣೆ ವರ್ಷಗಟ್ಟಲೆ ಎಳೆದರೆ ಜಾಮೀನು ಕೊಡಬಹುದೆಂದು 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಕಾನೂನು ಬೇಡವೆಂದು ನಾವು ಹೇಳುತ್ತಿಲ್ಲ. ಮಡಿವಾಳದ ಆ ತಾಯಿಯ ಮನೆಯವರಿಗೆ ಅಪರಾಧಿ ಸಿಗಬೇಕು. ಆದರೆ ನಿರಪರಾಧಿಯನ್ನು ಹಿಡಿದ ಪ್ರತಿ ಸಲವೂ ಅಪರಾಧಿ ಹೊರಗೆ ಆರಾಮವಾಗಿರುತ್ತಾನೆ.

ಇಲ್ಲಿ ಮಾತು ನಿಲ್ಲಿಸಿದರೆ ನಿಮಗೆ ಸಂತೋಷವಾಗಬಹುದು. ಆದರೆ ಕುರ್‌ಆನ್ ನಮಗೂ ಕನ್ನಡಿ ಹಿಡಿಯುತ್ತದೆ. ಸೂರಃ ನಿಸಾದ 105ರಿಂದ ಮುಂದಿನ ಆಯತ್‌ಗಳ ಹಿನ್ನೆಲೆ ನೋಡಿ. ಮದೀನಾದಲ್ಲಿ ಮುಸ್ಲಿಮನೆನಿಸಿಕೊಂಡ ಒಬ್ಬ ಯುದ್ಧಕವಚ ಕದ್ದು, ಅದನ್ನು ಒಬ್ಬ ಯಹೂದಿಯ ಮನೆಯಲ್ಲಿಟ್ಟು, ಕಳ್ಳತನವನ್ನು ಅವನ ತಲೆಗೆ ಕಟ್ಟಿದ. ಕುಲದವರೆಲ್ಲ ಒಟ್ಟಾಗಿ ಬಂದು ತಮ್ಮವನ ಪರ ವಾದಿಸಿದರು. ಮಾಲು ಸಿಕ್ಕಿದ್ದು ಯಹೂದಿಯ ಬಳಿ, ಎಲ್ಲ ಅವನ ವಿರುದ್ಧ. ಆಗ ಅಲ್ಲಾಹನೇ ಆ ಯಹೂದಿಯನ್ನು ನಿರಪರಾಧಿ ಎಂದು ಸಾರುವ ಆಯತ್‌ಗಳನ್ನು ಇಳಿಸಿದನು, ವಂಚಕರ ಪರ ವಕಾಲತ್ತು ವಹಿಸದಿರಿ ಎಂದು ಎಚ್ಚರಿಸಿದನು. ನಮ್ಮವನೆಂದು ಉಳಿಸುವುದಲ್ಲ, ಬೇರೆಯವನೆಂದು ಸಿಕ್ಕಿಸುವುದಲ್ಲ. ಇನ್ಸಾಫ್ ಎಂದರೆ ಅದು.

ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಏನು ನಡೆಯುತ್ತಿದೆ? ಯಾವುದೋ ದೇಶದ, ಯಾವುದೋ ವರ್ಷದ ವಿಡಿಯೋ ಹಾಕಿ 'ನೋಡಿ, ನಮ್ಮವರಿಗೆ ಹೀಗಾಗಿದೆ' ಎಂದು ಹತ್ತು ಗುಂಪಿಗೆ ತಳ್ಳುತ್ತೇವೆ. 2012ರಲ್ಲಿ ಆ ಹುಡುಗಿಯ ಕೈ ನಡುಗಿಸಿದ್ದು ಇಂಥದೇ ಕೆಲಸ. ಪರಿಚಯವಿಲ್ಲದ ಯಾರೋ ಫೋನಿನಲ್ಲಿ ಜಿಹಾದಿನ ಪಾಠ ಹೇಳುತ್ತಾನೆ, ಹುಡುಗ ರಾತ್ರಿ ಎರಡು ಗಂಟೆಯವರೆಗೆ ಕೇಳುತ್ತಾನೆ, ಮನೆಯವರಿಗೆ ಗೊತ್ತಿಲ್ಲ. ನಮ್ಮ ಬಳಿ ಬಂದು ಕೇಳಿದರೆ ನಾವೇನು ಮಾಡುತ್ತೇವೆ? 'ಇದನ್ನೆಲ್ಲ ಇಲ್ಲಿ ಮಾತಾಡಬೇಡ' ಎಂದು ಬಾಯಿ ಮುಚ್ಚಿಸುತ್ತೇವೆ. ಮಸೀದಿಯಲ್ಲಿ ಕೇಳಲಾಗದ ಪ್ರಶ್ನೆಯನ್ನು ಅವನು ಬೇರೆ ಕಡೆ ಕೇಳುತ್ತಾನೆ. ಬನಶಂಕರಿಯ ಆ ಹುಡುಗನ ಪ್ರಶ್ನೆಗಳನ್ನು ಯಾರಾದರೂ ಕೂತು ಕೇಳಿದ್ದರೆ ಎಂದು ನಾವು ಎಷ್ಟೋ ಸಲ ಯೋಚಿಸಿದ್ದೇವೆ. ಇನ್ನು ಮುಂದೆ ನಮ್ಮ ಕೋಣೆಯ ಬಾಗಿಲು ಇಶಾ ಆದ ಮೇಲೂ ತೆರೆದಿರುತ್ತದೆ. ಎಂಥ ಪ್ರಶ್ನೆಯಾದರೂ ಸರಿ, ತನ್ನಿ.

ಇನ್ನು ಕೆಲವು ವ್ಯವಹಾರದ ಮಾತು. ಮನೆಗೆ ಪತ್ರಿಕೆ ಒಯ್ದು ಹೆಂಗಸರಿಗೂ ಓದಿ ಹೇಳಿ, ಯಾಕೆಂದರೆ ಬಾಗಿಲು ತಟ್ಟಿದಾಗ ತೆರೆಯುವವರು ಅವರೇ. ಪೊಲೀಸರು ವಿಚಾರಣೆಗೆ ಕರೆದರೆ ಓಡಬೇಡಿ, ಸುಳ್ಳು ಹೇಳಬೇಡಿ, ಜಗಳವಾಡಬೇಡಿ. ನೋಟಿಸ್ ಬರವಣಿಗೆಯಲ್ಲಿ ಕೊಡಿ ಎಂದು ಗೌರವದಿಂದ ಕೇಳಿ, ವಕೀಲರೊಂದಿಗೆ ಹೋಗಿ. ಹನೀಫ್ ಮೊದಲ ದಿನ ವಕೀಲರಿಲ್ಲದೆಯೇ ಗಂಟೆಗಟ್ಟಲೆ ಉತ್ತರ ಕೊಟ್ಟರು, ಮುಚ್ಚಿಡುವುದು ಏನೂ ಇಲ್ಲವಲ್ಲ ಎಂಬ ಧೈರ್ಯದಿಂದ. ಸಾಕ್ಷಿಯಾಗಿ ಕರೆಯುವಾಗ ಮಹಿಳೆಯರನ್ನು, 15 ವರ್ಷದೊಳಗಿನ ಮಕ್ಕಳನ್ನು, 60 ದಾಟಿದವರನ್ನು ಅವರು ಇರುವ ಮನೆಯಲ್ಲೇ ವಿಚಾರಿಸಬೇಕು, ಠಾಣೆಗೆ ಬರಲೇಬೇಕೆಂದು ಬಲವಂತ ಮಾಡುವಂತಿಲ್ಲ. ಬಂಧಿಸಿದರೆ ಕಾರಣ ತಿಳಿಸಬೇಕು. ಯು.ಎ.ಪಿ.ಎ. ಪ್ರಕರಣದಲ್ಲೂ ಕಾರಣವನ್ನು ಬರೆದು ಕೊಡಬೇಕೆಂದು 2024ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ನಮಗೆ ಯಾರೋ ತೋರಿಸುವ ಕೃಪೆಯಲ್ಲ, ಸಂವಿಧಾನದ 22ನೇ ವಿಧಿ. ವಕೀಲರಿಗೆ ಹಣವಿಲ್ಲದವರಿಗೆ ಉಚಿತ ಕಾನೂನು ನೆರವು ಇದೆ, 15100ಕ್ಕೆ ಫೋನ್ ಮಾಡಿ. ನಿಮ್ಮ ಹೆಸರಿನ ಸಿಮ್, ನಿಮ್ಮ ಆಧಾರ್ ಪ್ರತಿ, ನಿಮ್ಮ ಗಾಡಿಯ ಕಾಗದ, ಇವನ್ನು ಯಾರಿಗೂ ಸುಮ್ಮನೆ ಕೊಡಬೇಡಿ. ಕೊಟ್ಟಿದ್ದರೆ ನಿಮ್ಮ ಹೆಸರಿನಿಂದ ಬದಲಾಯಿಸಿಬಿಡಿ.

ಒಬ್ಬರ ಮನೆಯ ಮಗನನ್ನು ಕರೆದುಕೊಂಡು ಹೋದರೆ ಆ ಮನೆಯವರ ಸಲಾಮಿಗೆ ಉತ್ತರಿಸುವುದನ್ನು ಬಿಡಬೇಡಿ. ತಪ್ಪು ಮಾಡಿದ್ದರೆ ಕಾನೂನು ನೋಡಿಕೊಳ್ಳುತ್ತದೆ. ಅವನ ತಾಯಿ ಏನು ಮಾಡಿದ್ದಾಳೆ? ಅವಳಿಗೆ ಹಾಲು ತಂದುಕೊಡುವುದು, ವಕೀಲರ ಹತ್ತಿರ ಜೊತೆಗೆ ಹೋಗುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲ. ಮುತವಲ್ಲಿ ಸಾಹೇಬರ ಜೊತೆ ಮಾತಾಡಿದ್ದೇವೆ. ಬರುವ ತಿಂಗಳಿನಿಂದ ಎರಡನೇ ಭಾನುವಾರ ಅಸರ್ ನಂತರ ಮಸೀದಿಯ ಕೆಳಗಿನ ಹಾಲ್‌ನಲ್ಲಿ ಇಬ್ಬರು ವಕೀಲರು ಕೂತಿರುತ್ತಾರೆ. ಅವರಲ್ಲಿ ಒಬ್ಬರು ನಮ್ಮ ಬಡಾವಣೆಯ ಹಿಂದೂ ಸಹೋದರಿ, ಫೀಸ್ ಬೇಡವೆಂದು ತಾವೇ ಮುಂದೆ ಬಂದವರು. ಹಾಲ್ ಎಲ್ಲರಿಗೂ ತೆರೆದಿದೆ, ಪಕ್ಕದ ಬೀದಿಯ ಯಾವುದೇ ಧರ್ಮದವರಿಗೂ. ಚಹಾದ ವ್ಯವಸ್ಥೆ ಕಮಿಟಿಯದ್ದು.

ಇನ್ನು ಆ ಹಿರಿಯರಿಗೆ ಉತ್ತರ. ಭಾಯ್, ಮಗನಿಗೆ ಗಡ್ಡ ತೆಗೆಸು ಎಂದು ಹೇಳಬೇಡಿ, ಬೆಳೆಸು ಎಂದೂ ನಾವು ಇಲ್ಲಿಂದ ಒತ್ತಾಯಿಸುವುದಿಲ್ಲ. ಅದು ಅವನು ಮತ್ತು ಅವನ ರಬ್ಬ್ ನಡುವಿನ ಮಾತು. ಪೊಲೀಸರ ಹೆದರಿಕೆಯಿಂದ ಮಾತ್ರ ಅದನ್ನು ತೀರ್ಮಾನಿಸಬೇಡಿ. ಮಸೀದಿಗೆ ಹೋಗಲಿ, ಹಗಲಿನಲ್ಲಿ, ಎಲ್ಲರೂ ಹೋಗುವ ಮಸೀದಿಗೆ. ಅಕ್ಕಪಕ್ಕದ ಮನೆಯವರ ಪರಿಚಯ ಮಾಡಿಕೊಳ್ಳಲಿ. ಊರಿನ ಹುಡುಗರು ಸಿಕ್ಕರೆ ಮಾತಾಡಲಿ, ಯಾರಾದರೂ ಕೆಟ್ಟ ಮಾತಾಡಿದರೆ ಎದ್ದು ಬರಲಿ, ಅನಾಹುತದ ಸುಳಿವು ಸಿಕ್ಕರೆ ಮುಚ್ಚಿಡದೆ ತಿಳಿಸಲಿ. ಒಬ್ಬ ಒಳ್ಳೆಯ ವಕೀಲರ ನಂಬರ್ ಫೋನಿನಲ್ಲಿರಲಿ. ವಾರಕ್ಕೆರಡು ಸಲ ತಾಯಿಗೆ ಫೋನ್ ಮಾಡಲಿ. ಹೊರಡುವ ದಿನ ಫಜ್ರ್‌ಗೆ ಅವನನ್ನು ಇಲ್ಲಿಗೆ ಕರೆತನ್ನಿ. ವಿಮಾನ ನಿಲ್ದಾಣಕ್ಕೆ ನಾವೂ ಬರುತ್ತೇವೆ, ಕಾರಿನಲ್ಲಿ ಒಂದು ಸೀಟು ಇಡಿ.

ಸುನ್ನತ್ ಮಾಡದವರು ಮಾಡಿಕೊಳ್ಳಿ, ಖುತ್ಬಾಕ್ಕೆ ಐದು ನಿಮಿಷವಿದೆ.